ನೆಗೆಣ್ಣಿಯರ ಜೋಡುಹಾದಿ

ಕಂಚಿಗನಾಳದಿಂದ ಮುದುವಾಡಿ ಪೇಟೆಗೆ ಹೋಗಲು ಈಗ ಒಳ್ಳೆಯ ಡಾಂಬರು ರಸ್ತೆಯಿದೆ. ಬಸ್ಸು, ಟ್ರ್ಯಾಕ್ಟರು, ಕಬ್ಬಿನ ಲಾರಿ ಎಲ್ಲವೂ ಅದರ ಮೇಲೆಯೇ ಓಡಾಡುತ್ತವೆ. ಆದರೆ ಭಾನುವಾರ ಬೆಳಗಾಯಿತೆಂದರೆ ದಾವಣಗೆರೆ, ಹರಿಹರ, ರಾಣೆಬೆನ್ನೂರುಗಳ ಕಡೆಯಿಂದ ಬರುವ ಸೈಕಲ್ಲಿನವರಿಗೆ ಆ ರಸ್ತೆ ಅರ್ಧಕ್ಕೇ ಸಾಕಾಗುತ್ತದೆ. ಊರ ಹೊರಗಿನ ಪಂಪ್‌ಹೌಸಿನ ತನಕ ಡಾಂಬರಿನ ಮೇಲೆ ಬಂದು, ಅಲ್ಲಿ ಹೊರಳಿ ತುಂಗಭದ್ರೆಯ ದಂಡೆ ಹಿಡಿದುಬಿಡುತ್ತಾರೆ. ಈ ಸೀಮೆಯಲ್ಲಿ ಗುಡ್ಡವೆಂಬುದಿಲ್ಲ. ಕಣ್ಣು ಹಾಯುವಷ್ಟು ದೂರ ಎರೆಹೊಲ, ಅದರಾಚೆ ಭತ್ತದ ಗದ್ದೆ, ನಡುವೆ ಹೊಳೆ; ಏರಲು ಏನೂ ಇಲ್ಲ, ಇಳಿಯಲು ಏನೂ ಇಲ್ಲ. ಒಮ್ಮೆ ಪೆಡಲಿಗೆ ಕಾಲು ಕೊಟ್ಟರೆ ಸೈಕಲ್ಲು ತನ್ನಷ್ಟಕ್ಕೆ ತಾನು ಹೋಗುತ್ತಿರುತ್ತದೆ. ಪಂಪ್‌ಹೌಸಿನಿಂದ ಪೇಟೆಯ ಹಳೇ ಅಗಸೆಬಾಗಿಲಿನವರೆಗೆ ದಂಡೆಯ ಉದ್ದಕ್ಕೂ ಎರಡು ಹಾದಿಗಳು ಜೊತೆಜೊತೆಯಾಗಿ ಸಾಗುತ್ತವೆ. ಒಂದು ಹೊಲದ ಮಗ್ಗುಲಿಗೆ, ಸ್ವಲ್ಪ ಎತ್ತರದಲ್ಲಿ. ಇನ್ನೊಂದು ನೀರಿನ ಮಗ್ಗುಲಿಗೆ, ಸ್ವಲ್ಪ ತಗ್ಗಿನಲ್ಲಿ. ನಡುವೆ ಗರಿಕೆ ಬೆಳೆದ ಒಂದು ಸಣ್ಣ ಪಟ್ಟಿ. ಮೇಲಿನ ಹಾದಿಯಲ್ಲಿ ಒಬ್ಬರು, ಕೆಳಗಿನದರಲ್ಲಿ ಒಬ್ಬರು ಸೈಕಲ್ ತುಳಿಯುತ್ತ ಮೆಲುದನಿಯಲ್ಲಿ ಮಾತಾಡಿಕೊಂಡು ಹೋಗಬಹುದು, ಅಷ್ಟು ಸಮೀಪ. ಹೊಳೆ ಬಿಲ್ಲಿನ ಹಾಗೆ ಬಾಗಿರುವ ಒಂದೇ ಒಂದು ಕಡೆ ಮಾತ್ರ ದಂಡೆಯನ್ನು ಯಾರೋ ಕಚ್ಚಿ ತಿಂದಂತೆ ಅರ್ಧಚಂದ್ರಾಕಾರವಾಗಿ ಮಣ್ಣು ಕಿತ್ತುಹೋಗಿದೆ. ಅಲ್ಲಿ ಕೆಳಗಿನ ಹಾದಿ ಇಲ್ಲ. ಕೆಳಗಿನವರು ಮೇಲೆ ಹತ್ತಿ, ಒಬ್ಬರ ಹಿಂದೆ ಒಬ್ಬರಾಗಿ ಆ ಬಾಗನ್ನು ದಾಟಿ, ಮತ್ತೆ ಇಳಿದು ತಮ್ಮ ಹಾದಿಗೆ ಸೇರಿಕೊಳ್ಳಬೇಕು.

ಕಳೆದ ವರ್ಷ ಸಂಕ್ರಾಂತಿಯ ಮಾರನೆಯ ದಿನ ಆ ಬಾಗಿನಲ್ಲಿ ಒಬ್ಬ ಯುವತಿ ಸೈಕಲ್ಲನ್ನು ಮರಕ್ಕೆ ಒರಗಿಸಿ ನೀರು ಕುಡಿಯುತ್ತ ನಿಂತಿದ್ದಳು. ದಾವಣಗೆರೆಯಲ್ಲಿ ಹಲ್ಲಿನ ಡಾಕ್ಟರಂತೆ. ನಾನೂ ನನ್ನ ಹಳೆಯ ಸೈಕಲ್ಲಿನಲ್ಲಿ ಪೇಟೆಗೆ ಹೊರಟವನು, ಸುಮ್ಮನೆ ಮಾತಾಡಿಸಿದೆ. ಆಕೆ ತನ್ನ ಫೋನು ತೆಗೆದು ನಕ್ಷೆಯಲ್ಲಿ ಈ ಎರಡು ಹಾದಿಗಳನ್ನು ತೋರಿಸಿದಳು. ಅದಕ್ಕೆ ‘ಟ್ವಿನ್ ಟ್ರ್ಯಾಕ್’ ಎಂದು ಯಾರೋ ಹೆಸರಿಟ್ಟಿದ್ದರು. ನನಗೆ ಒಳಗೊಳಗೇ ಉರಿಯಿತು. ಹುಟ್ಟಿದಾಗಿನಿಂದ ತುಳಿದ ಹಾದಿಗೆ, ಕಂಡರಿಯದವರು ಯಾರೋ ಬಂದು ಹೆಸರಿಡುವುದೆಂದರೇನು. “ಇದಕ್ಕ ನೆಗೆಣ್ಣಿಯರ ಜೋಡುಹಾದಿ ಅಂತಾರವ್ವ,” ಎಂದೆ. ಆಕೆಗೆ ಆ ಶಬ್ದ ತಿಳಿಯಲಿಲ್ಲ. ಅಣ್ಣತಮ್ಮಂದಿರ ಹೆಂಡಂದಿರು ಒಬ್ಬರಿಗೊಬ್ಬರು ನೆಗೆಣ್ಣಿಯರು. ಮೈಸೂರು ಕಡೆಯವರು ವಾರಗಿತ್ತಿ ಎನ್ನುತ್ತಾರೆ ಎಂದು ಬಿಡಿಸಿ ಹೇಳಿದೆ. ನೀರಾವರಿಯವರು ಒಮ್ಮೆ ಅಳತೆಗೆ ಬಂದಾಗ, ಒಂದು ಹಾದಿ ದನಗಳು ಮಾಡಿದ್ದು, ಇನ್ನೊಂದು ಜನ ಮಾಡಿದ್ದು ಎಂದು ತೀರ್ಮಾನ ಕೊಟ್ಟು ಹೋಗಿದ್ದರು. ನಮ್ಮ ಹಿರಿಯರು ಅದನ್ನು ಒಪ್ಪುವುದಿಲ್ಲ. ಎರಡನ್ನೂ ಮನುಷ್ಯರೇ ಮಾಡಿದ್ದು, ಅದೂ ಇಬ್ಬರೇ ಇಬ್ಬರು ಹೆಂಗಸರು, ಅದೂ ಹೊಟ್ಟೆಕಿಚ್ಚಿನಿಂದ ಎನ್ನುತ್ತಾರೆ. ನನ್ನ ದೊಡ್ಡವ್ವನ ಬಾಯಿಂದ ನಾನು ಕೇಳಿದ್ದನ್ನು ಅಂದು ಆಕೆಗೆ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ, ಹೊಳೆಗೆ ಅಣೆಕಟ್ಟೆ ಇಲ್ಲದ ಕಾಲದಲ್ಲಿ, ಮುದುವಾಡಿ ಪೇಟೆಯ ಕೋಟೆಯಲ್ಲಿ ದೇಸಾಯರು ವಾಡೆ ಕಟ್ಟಿಕೊಂಡು ಇದ್ದ ದಿನಗಳಲ್ಲಿ, ಕಂಚಿಗನಾಳದಲ್ಲಿ ಗುರುಬಸವ್ವ ಎಂಬ ಮುದುಕಿಯ ಮನೆಯಿತ್ತು. ಹಿರಿಯ ಮಗ ಬರಮಪ್ಪ ಎಮ್ಮೆಗಳನ್ನು ನೋಡಿಕೊಳ್ಳುತ್ತಿದ್ದ. ಕಿರಿಯ ಮಗ ಕಲ್ಲಪ್ಪ ಹೊಲ ನೋಡಿಕೊಳ್ಳುತ್ತಿದ್ದ. ಬರಮಪ್ಪನ ಹೆಂಡತಿ ಸಂಕವ್ವ. ಗಿಡ್ಡ ಮೈಕಟ್ಟಿನ, ಮಾತು ಕಡಿಮೆಯ, ಹಿಡಿದ ಕೆಲಸ ಬಿಡದ ಹೆಂಗಸು. ಮನೆಯ ಮೊಸರನ್ನು ಪೇಟೆಗೆ ಹೊತ್ತು ಮಾರುವುದು ಅವಳ ಪಾಲಿನ ಕೆಲಸ. ಆಗ ಪೇಟೆಗೆ ಇದ್ದದ್ದು ಬಂಡಿದಾರಿಯೊಂದೇ. ಅದು ಊರೂರು ಮುಟ್ಟಿ, ಹೊಲಗಳನ್ನೆಲ್ಲ ಸುತ್ತಿಹಾಕಿಕೊಂಡು ಹೋಗುತ್ತಿತ್ತು. ಆ ದಾರಿ ಹಿಡಿದರೆ ಬಿಸಿಲೇರಿ, ಪೇಟೆ ಮುಟ್ಟುವ ಹೊತ್ತಿಗೆ ಮೊಸರು ಹುಳಿಯಾಗುತ್ತಿತ್ತು. ಹೊಳೆ ನೇರವಾಗಿ ಪೇಟೆಯ ಮಗ್ಗುಲಿಗೇ ಹರಿಯುವಾಗ ತಾನೇಕೆ ಸುತ್ತಬೇಕು ಎಂಬುದು ಸಂಕವ್ವನಿಗೆ ಹೊಳೆಯಿತು. ದಂಡೆಯ ಮೇಲೆಲ್ಲ ಜಾಲಿ, ಕಾರೆ, ಪಾಪಾಸುಕಳ್ಳಿ. ಅವಳು ಹೋಗುವಾಗಲೊಂದಿಷ್ಟು ಬರುವಾಗಲೊಂದಿಷ್ಟು ಕುಡುಗೋಲಿನಿಂದ ಸವರುತ್ತ, ಅಂಗಾಲಿಗೆ ಮುರಿದ ಮುಳ್ಳನ್ನು ಕೀಳಿಸಿಕೊಳ್ಳುತ್ತ, ಒಂದು ಮಳೆಗಾಲದಿಂದ ಮತ್ತೊಂದು ಮಳೆಗಾಲದೊಳಗೆ ಒಂದು ಕಾಲುಹಾದಿ ಮಾಡಿಕೊಂಡಳು. ಬೇರೆ ಯಾರೂ ಅದನ್ನು ತುಳಿಯುತ್ತಿರಲಿಲ್ಲ. ಹೊಳೆದಂಡೆಯಲ್ಲಿ ಒಂಟಿಯಾಗಿ ನಡೆಯಲು ಜನ ಅಂಜುತ್ತಿದ್ದರು. ಬಿಸಿಲು ಹುಟ್ಟುವ ಮೊದಲೇ ಅವಳ ಗಡಿಗೆ ಪೇಟೆಯ ಅಗಸೆಯಲ್ಲಿ ಇಳಿಯುತ್ತಿತ್ತು. ಸಂಕವ್ವನಿಗೆ ಒಡವೆ ಇರಲಿಲ್ಲ, ರೂಪವೂ ಅಷ್ಟಕ್ಕಷ್ಟೆ. ಇದ್ದದ್ದು ಈ ಹಾದಿ. ಅದರ ಮೇಲೆ ನಡೆಯುವಾಗ ಅವಳ ಕತ್ತು ಎಂದಿಗಿಂತ ನೆಟ್ಟಗಿರುತ್ತಿತ್ತಂತೆ.

ಕಲ್ಲಪ್ಪನ ಮದುವೆಯಾಗಿ ಹಾಲವ್ವ ಎಂಬವಳು ಆ ಮನೆಗೆ ಸೊಸೆಯಾಗಿ ಬಂದಳು. ಹೊಳೆಯಾಚೆಯ ಊರಿನವಳು, ಎತ್ತರದ ನಿಲುವು, ನೀಳವಾದ ಕಾಲು, ನಗುಮುಖ. ಎಮ್ಮೆಗಳು ಹೆಚ್ಚಾಗಿದ್ದುದರಿಂದ ಗುರುಬಸವ್ವ ಕಿರಿಯ ಸೊಸೆಯ ತಲೆಗೂ ಒಂದು ಸಿಂಬೆ, ಒಂದು ಗಡಿಗೆ ಇಟ್ಟು, “ಸಂಕವ್ವನ ಬೆನ್ನಹತ್ತಿ ಹೋಗು, ಹಾದಿ ಆಕಿಗೆ ಗೊತ್ತು,” ಎಂದು ಕಳಿಸಿದಳು. ಮೊದಲ ಕೆಲವು ದಿನ ಹಾಲವ್ವ, ತಾನು ಅಕ್ಕ ಎಂದು ಕರೆಯುತ್ತಿದ್ದ ಸಂಕವ್ವನ ಹಿಂದೆಯೇ ನಡೆದಳು. ಆಮೇಲೆ ಅವಳ ಕಾಲು ತಡೆಯಲಿಲ್ಲ. ನಡೆಯುತ್ತ ನಡೆಯುತ್ತ ಮುಂದಾದಳು. ಮುಂದಾದವಳು ಪೇಟೆಗೂ ಮೊದಲು ತಲುಪಿದಳು. ಅಗಸೆಯಲ್ಲಿ ಕಾದಿದ್ದವರು ಮೊದಲು ಬಂದ ಗಡಿಗೆಯನ್ನೇ ಕೇಳಿದರು. ಸಂಕವ್ವ ಬಂದು ಗಡಿಗೆ ಇಳಿಸುವಷ್ಟರಲ್ಲಿ ಹಾಲವ್ವನ ಗಡಿಗೆ ಬರಿದಾಗಿ, ಮೊಸರಿಗೆ ಬದಲಾಗಿ ಸಿಕ್ಕ ಜೋಳವನ್ನು ಸೆರಗಿನ ತುಂಬ ಕಟ್ಟಿಕೊಂಡು ಅವಳು ಕಟ್ಟೆಯ ಮೇಲೆ ಕುಳಿತಿರುತ್ತಿದ್ದಳು. ಒಂದು ದಿನ ದೇಸಾಯರ ವಾಡೆಯ ಹಿರಿಯಮ್ಮನೇ ಹಾಲವ್ವನ ಮೊಸರನ್ನು ಬೆರಳಿನಿಂದ ಮುಟ್ಟಿ, “ಹೊಸ ಸೊಸಿ ಮೊಸರು ಅಂಗೈಯಾಗ ಹಾಕ್ಕೊಂಡ್ರೂ ಸೋರಂಗಿಲ್ಲ. ನಾಳೆಯಿಂದ ವಾಡೇಕ್ಕ ಈಕಿನ ಬರಲಿ,” ಎಂದಳು. ಸಂಕವ್ವ ಅಲ್ಲಿಯೇ ನಿಂತಿದ್ದಳು. ಅದೇ ಎಮ್ಮೆಯ ಹಾಲು, ಅದೇ ಒಲೆಯ ಮೇಲೆ ಕಾಯಿಸಿದ್ದು, ಹೆಪ್ಪು ಹಾಕಿದ್ದು ಸ್ವತಃ ಸಂಕವ್ವನೇ. ಎರಡು ಗಡಿಗೆಗೂ ಒಂದೇ ಮೊಸರು. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಬರುವಾಗ ದಾರಿಯುದ್ದಕ್ಕೂ ತನ್ನ ಮುಂದೆ ಹಗುರಾಗಿ ಹೆಜ್ಜೆ ಹಾಕುತ್ತಿದ್ದ ಆ ನೀಳ ಕಾಲುಗಳನ್ನೇ ನೋಡುತ್ತ ಬಂದಳು. ತಾನು ಮುಳ್ಳು ಸವರಿ ಸಾಪು ಮಾಡಿದ ನೆಲದ ಮೇಲೆ ಆ ಕಾಲುಗಳು ಹಾಗೆ ಓಡುತ್ತಿವೆ ಎಂಬುದು ಅವಳ ಎದೆಯಲ್ಲಿ ಕೆಂಡದಂತೆ ಕುಳಿತುಕೊಂಡಿತು.

ಮರುದಿನ ಊರು ದಾಟಿ ದಂಡೆ ಹತ್ತುವ ಜಾಗದಲ್ಲಿ ಸಂಕವ್ವ ಅಡ್ಡ ನಿಂತಳು. “ಈ ಹಾದಿ ನಂದು. ನಾ ಮುಳ್ಳ ಕಡದು ಮಾಡೀನಿ. ನೀ ಇದನ್ನ ತುಳೀಬ್ಯಾಡ. ಬಂಡಿದಾರಿ ಹಿಡದು ಬಾ,” ಎಂದಳು. ಹಾಲವ್ವ ಮೊದಲು ಚೇಷ್ಟೆ ಎಂದುಕೊಂಡಳು. ಅಕ್ಕನ ಮುಖ ನೋಡಿದ ಮೇಲೆ ಅವಳ ನಗು ಹೋಯಿತು. “ಹಾದಿ ನಿಂದು ಖರೆ, ಯಕ್ಕಾ. ಹೊಳಿ ನಿಂದಲ್ಲಲ್ಲ,” ಎಂದು, ಗರಿಕೆಯ ಇಳಿಜಾರಿನಲ್ಲಿ ಎರಡು ಹೆಜ್ಜೆ ಕೆಳಗಿಳಿದು, ನೀರಿನ ಮಗ್ಗುಲನ್ನು ಹಿಡಿದು ನಡೆದೇಬಿಟ್ಟಳು. ಅಲ್ಲಿ ಹಾದಿಯೇ ಇರಲಿಲ್ಲ. ಕೆಸರು, ಲಕ್ಕಿಪೊದೆ, ಜಾರುವ ಕಲ್ಲು. ಆ ದಿನ ಅವಳು ಎರಡು ಸಲ ಬಿದ್ದಳು, ಗಡಿಗೆಯ ಅರ್ಧ ಮೊಸರು ಚೆಲ್ಲಿತು, ಪೇಟೆಗೆ ಹೋಗಿ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಆದರೆ ಮಾರನೆಯ ದಿನವೂ ಅಲ್ಲಿಯೇ ನಡೆದಳು, ಅದರ ಮಾರನೆಯ ದಿನವೂ ಅಲ್ಲಿಯೇ. ಹೀಗೆ ಕೆಳಗಿನ ಹಾದಿ ಹುಟ್ಟಿತು.

ಕಿಚ್ಚು ಸಂಕವ್ವನೊಬ್ಬಳದೇ ಆಗಿದ್ದರೆ ಒಂದು ಹಾದಿ ಎಂದೋ ಹುಲ್ಲು ಮುಚ್ಚಿ ಹೋಗುತ್ತಿತ್ತು ಎನ್ನುತ್ತಾರೆ. ಹಾಲವ್ವನಿಗೂ ಅಷ್ಟೇ ಇತ್ತು. ಮನೆಯ ಬೀಗದ ಕೈ ಸಂಕವ್ವನ ಸೊಂಟದಲ್ಲಿ. ಬಿತ್ತನೆಯ ಮಾತು ಬಂದರೂ ಗುರುಬಸವ್ವ ಹಿರಿಯ ಸೊಸೆಯ ಮುಖವನ್ನೇ ನೋಡುತ್ತಿದ್ದಳು. ಹಾಲವ್ವನ ಗಂಡ ಕಲ್ಲಪ್ಪ ಸಹ ಅತ್ತಿಗೆ ಬಡಿಸಿದರೆ ಒಂದು ರೊಟ್ಟಿ ಹೆಚ್ಚು ತಿನ್ನುತ್ತಿದ್ದ. ಮೇಲಿನ ಹಾದಿಗೆ ಮತ್ತಿಮರದ ನೆರಳಿತ್ತು, ಮಳೆಯಲ್ಲೂ ಅದು ಗಟ್ಟಿಯಾಗಿರುತ್ತಿತ್ತು. ಕೆಳಗಿನಿಂದ ತಲೆಯೆತ್ತಿ ಆ ನೆರಳಲ್ಲಿ ನಡೆಯುವ ಅಕ್ಕನನ್ನು ನೋಡಿದಾಗಲೆಲ್ಲ ಹಾಲವ್ವನ ಹೆಜ್ಜೆ ಇನ್ನಷ್ಟು ಬಿರುಸಾಗುತ್ತಿತ್ತು. ಮೇಲಿನವಳು ಓರೆಗಣ್ಣಿನಿಂದ ಕೆಳಗೆ ನೋಡುವುದು, ಕೆಳಗಿನವಳು ಓರೆಗಣ್ಣಿನಿಂದ ಮೇಲೆ ನೋಡುವುದು. ಒಬ್ಬಳು ಕಾಲು ಚುರುಕು ಮಾಡಿದರೆ ಇನ್ನೊಬ್ಬಳೂ ಮಾಡುವುದು. ಮಾತಿಲ್ಲ. ಇಬ್ಬರ ಉಸಿರು ಮಾತ್ರ ಒಬ್ಬರಿಗೊಬ್ಬರಿಗೆ ಕೇಳಿಸುವುದು. ನೆಲ ಕಲ್ಲಿನಂತಾಯಿತು. ಹೊಳೆಯಲ್ಲಿ ಹರಗೋಲು ಹಾಕುತ್ತಿದ್ದ ಅಂಬಿಗರ ಜಟ್ಟೆಪ್ಪ ಬೆಳಗಿನ ಮಬ್ಬಿನಲ್ಲಿ ದಂಡೆಯ ಮೇಲೆ ಒಂದರ ಪಕ್ಕ ಒಂದು ಓಡುವ ಎರಡು ಗಡಿಗೆಗಳನ್ನು ಕಂಡು, ಪೇಟೆಯಲ್ಲಿ ನಗುತ್ತ ಹೇಳಿಕೊಳ್ಳುತ್ತಿದ್ದನಂತೆ. ಪೇಟೆಯವರಿಗೂ ಇದು ರುಚಿಸಿತು. ಮೇಲಿನ ಮೊಸರು, ಕೆಳಗಿನ ಮೊಸರು ಎಂದು ಹೆಸರಿಟ್ಟು, ಮನೆಮನೆಯವರು ಒಂದೊಂದು ಪಕ್ಷ ಹಿಡಿದರು. ಗುರುಬಸವ್ವ ಮಾತ್ರ ಒಮ್ಮೆ ಇಬ್ಬರನ್ನೂ ಕೂಡಿಸಿ, “ಮನಿಯಾಗ ಒಲಿ ಒಂದೈತಿ, ಹಾದಿ ಎರಡು ಯಾಕ ಬೇಕಾದ್ವು ನಿಮಗ?” ಎಂದು ಕೇಳಿದಳು. ಇಬ್ಬರೂ ತಲೆ ತಗ್ಗಿಸಿ ಜೋಳ ಕೇರುತ್ತಲೇ ಇದ್ದರು.

ಹಾಲವ್ವನನ್ನು ಹೊಳೆಯ ದಂಡೆಯಿಂದಲೇ ಓಡಿಸಬೇಕೆಂದು ಸಂಕವ್ವ ನಾನಾ ಬಗೆಯಲ್ಲಿ ಹೆದರಿಸಿ ನೋಡಿದಳು. ಕೆಳಗೆ ಹಾವಿನ ಪೊರೆ ಬಿದ್ದಿತ್ತು ಎಂದಳು. ಮೊಸಳೆ ಮಲಗಿದ್ದನ್ನು ಕಣ್ಣಾರೆ ಕಂಡೆ ಎಂದಳು. ಅಲ್ಲಿ ಯಾರೋ ಮುಳುಗಿ ಸತ್ತಿದ್ದರು, ಅವರ ದನಿ ಕೇಳಿಸುತ್ತದೆ ಎಂದಳು. ಮೊದಲ ಸಲ ಹಾಲವ್ವ ನಿಜಕ್ಕೂ ಅಂಜಿ ಕೋಲು ಹಿಡಿದು ನಡೆದಳು. ಹಾವೂ ಇಲ್ಲ, ಮೊಸಳೆಯೂ ಇಲ್ಲ ಎಂದು ತಿಳಿದ ಮೇಲೆ ಅಕ್ಕ ಏನಾದರೂ ಹೇಳಲು ಬಾಯಿ ತೆರೆದರೆ ಸಾಕು, ಅವಳು ನಗುತ್ತ ಮುಂದೆ ಸಾಗುತ್ತಿದ್ದಳು.

ಒಂದು ಮಳೆಗಾಲದಲ್ಲಿ ಹೊಳೆ ಎರಡೂ ದಂಡೆ ತುಂಬಿ ಬಂತು. ನೆಗೆಣ್ಣಿಯರಿಬ್ಬರೂ ಮನೆಯಲ್ಲೇ ಉಳಿಯಬೇಕಾಯಿತು. ನೆರೆ ಇಳಿದು, ಹಾದಿಗಳು ಮತ್ತೆ ಮೇಲೆದ್ದ ಮೇಲೆ ಎಂದಿನಂತೆ ಹೊರಟರು. ಹೊಳೆ ಬಾಗುವ ಜಾಗಕ್ಕೆ ಬರುವ ಮೊದಲು ಮೇಲಿನ ಹಾದಿಯಿಂದ ಮುಂದಿನ ದಂಡೆಯ ಮೈ ಕಾಣಿಸುತ್ತದೆ. ಕೆಳಗಿನ ಹಾದಿಗೆ ಲಕ್ಕಿಪೊದೆ ಅಡ್ಡ. ಅಂದು ಸಂಕವ್ವ ಅತ್ತ ನೋಡಿದವಳು ನಿಂತುಬಿಟ್ಟಳು. ನೆರೆಯ ನೀರು ದಂಡೆಯನ್ನು ಒಳಗಿನಿಂದ ತಿಂದು ಹೋಗಿತ್ತು. ಕೆಳಗಿನ ಹಾದಿಯ ಅಡಿಯಲ್ಲಿ ಒಂದು ಎಮ್ಮೆ ಹೊಗುವಷ್ಟು ಪೊಳ್ಳು. ಮೇಲೆ ತೆಳ್ಳಗೆ ಒಂದು ಪದರು ಮಣ್ಣು, ಅದರ ಮೇಲೆ ಹಾದಿ. ಎರಡು ಹಾದಿಗಳ ನಡುವಿನ ಗರಿಕೆಯಲ್ಲಿ ನೂಲಿನಷ್ಟು ಸಪೂರವಾದ ಒಂದು ಬಿರುಕು ಎದ್ದಿತ್ತು. ಹಾಲವ್ವ ಕೆಳಗಿನ ಹಾದಿಯಲ್ಲಿ ಅತ್ತಲೇ ಬರುತ್ತಿದ್ದಳು. ಸಂಕವ್ವನ ನಾಲಿಗೆಯ ತುದಿಗೆ ಮಾತು ಬಂತು. ಬಂದದ್ದು ಅಲ್ಲಿಯೇ ನಿಂತಿತು. ಹೇಳಿದರೆ ಅವಳು ಮೇಲೆ ಹತ್ತುತ್ತಾಳೆ. ಇವತ್ತು ಹತ್ತಿದವಳು ನಾಳೆಯೂ ಹತ್ತುತ್ತಾಳೆ. ಆಮೇಲೆ ನನ್ನ ಹಾದಿ ನನ್ನದಾಗಿ ಉಳಿಯುವುದಿಲ್ಲ. ಇಷ್ಟು ಯೋಚಿಸುವಷ್ಟರಲ್ಲಿ ಹಾಲವ್ವ ಆ ಪೊಳ್ಳಿನ ಮೇಲೆ ದಾಟಿ, ಅತ್ತ ಗಟ್ಟಿ ನೆಲ ಸೇರಿ, ಅಕ್ಕ ಹಿಂದುಳಿದಳೆಂದು ಖುಷಿಯಿಂದ ಓಡುತ್ತಿದ್ದಳು. ಮರಳಿ ಬರುವಾಗಲೂ ಹಾಗೆಯೇ ದಾಟಿದಳು. ಸಂಕವ್ವ ಆಗಲೂ ಏನನ್ನೂ ಹೇಳಲಿಲ್ಲ.

ಅಂದು ಊಟಕ್ಕೆ ಕುಳಿತಾಗ ಹಾಲವ್ವ ತನ್ನ ಪಾಲಿನ ರೊಟ್ಟಿಯನ್ನು ಮುರಿದು, ಕೆನೆಯಿದ್ದ ಮೊಸರನ್ನು ಅಕ್ಕನ ತಟ್ಟೆಯ ಕಡೆಗೆ ಸರಿಸಿದಳು. ಅಂದು ಎಲ್ಲರಿಗಿಂತ ಮೊದಲು ಗಡಿಗೆ ತೀರಿದ ಗೆಲುವಿನಲ್ಲಿ ಮಾಡಿದ್ದೋ, ಬೇರೆ ಯಾವ ಮನಸ್ಸಿನಿಂದ ಮಾಡಿದ್ದೋ, ಯಾರೂ ಹೇಳುವುದಿಲ್ಲ. ಸಂಕವ್ವ ಎತ್ತಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದುಹೋದಳು.

ಮಾರನೆಯ ಬೆಳಿಗ್ಗೆ ಅವಳೇ ಮುಂದಾಗಿ ಬಂದು ಬಾಗಿನ ಹತ್ತಿರ ನಿಂತಳು. ನೂಲಿನಂತಿದ್ದ ಬಿರುಕಿನಲ್ಲಿ ಈಗ ಕೈ ಹಿಡಿಸುತ್ತಿತ್ತು. ಹಾಲವ್ವ ಕೆಳಗೆ ಬರುವುದು ಕಂಡಿತು. “ಹಾಲವ್ವಾ, ಅಲ್ಲೇ ನಿಲ್ಲು. ಮುಂದ ದಂಡಿ ಪೊಳ್ಳಾಗೈತಿ. ಮ್ಯಾಲ ಬಾ,” ಎಂದಳು. ಅಷ್ಟು ದಿನಗಳ ಮೇಲೆ ಅವಳು ನೆಗೆಣ್ಣಿಯನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಹಾಲವ್ವ ನಿಲ್ಲಲಿಲ್ಲ. “ಹಾವಾತು, ಮೊಸಳಿ ಆತು, ದೆವ್ವಾ ಆತು. ಈಗ ದಂಡಿ ಪೊಳ್ಳಾತೇನು? ನೀ ನಿನ್ನ ಹಾದಿ ನೋಡ್ಕೊ, ಯಕ್ಕಾ,” ಎಂದಳು.

ತನ್ನ ಮಾತಿಗೆ ಬೆಲೆಯೇ ಉಳಿದಿಲ್ಲ ಎಂಬುದು ಸಂಕವ್ವನಿಗೆ ಆಗ ತಿಳಿಯಿತು. ಇಳಿದು ಕೈಹಿಡಿದು ಎಳೆದರೆ ಅವಳು ಕೊಸರುತ್ತಾಳೆ. ಆ ಕೊಸರಾಟಕ್ಕೇ ನೆಲ ಕುಸಿದೀತು. ಆಣೆ ಇಟ್ಟರೂ ನಂಬುವುದಿಲ್ಲ. ಹಾಗಾದರೆ ಇವಳು ಯಾವುದನ್ನು ನಂಬುತ್ತಾಳೆ? ಸಂಕವ್ವನಿಗೆ ಅದು ಚೆನ್ನಾಗಿ ಗೊತ್ತಿತ್ತು. ತನ್ನ ಎದೆಯಲ್ಲಿ ಇದ್ದದ್ದೇ ಅವಳ ಎದೆಯಲ್ಲೂ ಇತ್ತು. ಸಂಕವ್ವ ಸರಸರನೆ ಗರಿಕೆಯ ಪಟ್ಟಿಯನ್ನು ದಾಟಿ ಕೆಳಗಿನ ಹಾದಿಗೆ ಇಳಿದು ಹಾಲವ್ವನ ಮುಂದೆ ನಿಂತಳು. “ಇವತ್ತಿಂದ ಇದು ನಂದು,” ಎಂದಳು. “ನೀರಿನ ಮಗ್ಗಲ ತಂಪೈತಿ, ಪ್ಯಾಟಿನೂ ಹತ್ರ ಆಗತೈತಿ. ಇಷ್ಟ ದಿನ ನೀ ಒಬ್ಬಾಕಿನ ಉಂಡಿ. ಸರಿ, ಸರಿ ಹಿಂದಕ್ಕ.” ಹೀಗೆಂದು ಬೆನ್ನು ತಿರುಗಿಸಿ, ತಾನೇ ಮುಂದಾಗಿ ನಡೆಯತೊಡಗಿದಳು.

ಹಾಲವ್ವನ ಮೈ ಭಗ್ಗೆಂದಿತು. ಬಿದ್ದು, ಎದ್ದು, ಕೆಸರಿನಲ್ಲಿ ಕಾಲೂರಿ ಮಾಡಿಕೊಂಡ ಹಾದಿ. ಮನೆಯಲ್ಲಿ ಇರುವುದೆಲ್ಲ ಇವಳದೇ, ಕೊನೆಗೆ ಇದೂ ಇವಳಿಗೇ ಬೇಕಾಯಿತು. “ಇದನ್ನೂ ಕಸಗೊಂಡ್ಯಾ?” ಎಂದಳು. “ಆಗಲಿ. ಹಂಗಾದ್ರ ಮ್ಯಾಲಿಂದು ನಂದು. ನೆಳ್ಳಾಗ ನಾನೂ ನಡೀತೀನಿ. ಇನ್ನ ಮ್ಯಾಲೆ ಹತ್ತಿ ಬಂದ್ರ ನೋಡು.” ಅವಳು ಬಿರುಸಿನಿಂದ ಮೇಲೆ ಹತ್ತಿ, ಸಂಕವ್ವನ ಹಾದಿಗೆ ಕಾಲಿಟ್ಟು, ಅವಳನ್ನು ಹಿಂದೆ ಹಾಕಬೇಕೆಂದು ಉದ್ದುದ್ದ ಹೆಜ್ಜೆ ಹಾಕಿದಳು.

ಆಗಲೇ ಸಂಕವ್ವ ಮೇಲೆ ಬಂದುಬಿಡಬಹುದಿತ್ತು ಎಂದು ಕೇಳಿದವರೆಲ್ಲ ಅನ್ನುತ್ತಾರೆ. ಬಂದಿದ್ದರೆ ಹಾಲವ್ವ ಮತ್ತೆ ಕೆಳಗೆ ಇಳಿಯುತ್ತಿದ್ದಳು. ಅದಕ್ಕಾಗಿ ಸಂಕವ್ವ ಮೆಲ್ಲಗೆ, ಮಲಗಿದ ಕೂಸಿನ ಪಕ್ಕ ನಡೆದಂತೆ ಹೆಜ್ಜೆ ಇಡುತ್ತ, ಮುಂದೆ ಸಾಗಿದಳು. ತಲೆಯ ಮೇಲಿನ ಭಾರ ಬೇಡವೆಂದು ಗಡಿಗೆಯನ್ನು ಇಳಿಸಿ ಗರಿಕೆಯ ಮೇಲೆ ಇಟ್ಟಳು. ಮುಂದೆ ಹೋಗಿದ್ದ ಹಾಲವ್ವ ಅಕ್ಕ ಎಷ್ಟು ಹಿಂದುಳಿದಳು ನೋಡೋಣವೆಂದು ಓರೆಯಾಗಿ ತಿರುಗಿದಳು. ಹೊಳೆಯ ನಡುವೆ ಹರಗೋಲಿನಲ್ಲಿದ್ದ ಜಟ್ಟೆಪ್ಪನೂ ಅದೇ ಹೊತ್ತಿಗೆ ಅತ್ತ ನೋಡಿದನಂತೆ. ಸದ್ದೇನೂ ಆಗಲಿಲ್ಲ. ಬಣವೆ ಜಾರಿದ ಹಾಗೆ, ಹಾದಿ, ಗರಿಕೆ, ಗಡಿಗೆ, ಸಂಕವ್ವ ಎಲ್ಲ ಒಟ್ಟಾಗಿ ಕೆಳಗಿಳಿದು ನೀರಿಗೆ ಹೋದವು. ಮಣ್ಣು ನೀರಿಗೆ ಬಿದ್ದ ಮೇಲೆ ದೊಡ್ಡದೊಂದು ಶಬ್ದವಾಗಿ, ಹಕ್ಕಿಗಳೆಲ್ಲ ಎದ್ದವು.

ಹಾಲವ್ವ ತನ್ನ ಗಡಿಗೆಯನ್ನು ಎಲ್ಲಿ ಬಿಟ್ಟಳೋ ಅವಳಿಗೇ ತಿಳಿಯದು. ಅಂಚಿಗೆ ಬಂದು ಬೋರಲು ಮಲಗಿ ಕೆಳಗೆ ನೋಡಿದಳು. ಸಂಕವ್ವನ ಒಂದು ಕಾಲು ಮಣ್ಣಿನ ಹೆಂಟೆಗಳ ಅಡಿ ಸಿಕ್ಕಿತ್ತು; ಎದೆಯ ತನಕ ನೀರು; ಕೈಗೆ ಒಂದು ಲಕ್ಕಿಯ ಬೇರು ಸಿಕ್ಕಿ ಹಿಡಿದಿದ್ದಳು. ಹಾಲವ್ವ ಉಟ್ಟ ಸೀರೆಯ ಸೆರಗನ್ನು ಬಿಚ್ಚಿ ಕೆಳಗೆ ಇಳಿಬಿಟ್ಟಳು. ಜಟ್ಟೆಪ್ಪ ಹರಗೋಲು ತಂದು ಮುಟ್ಟಿಸುವ ತನಕ ಸಂಕವ್ವ ಒಂದು ಕೈಯಲ್ಲಿ ಬೇರನ್ನೂ ಇನ್ನೊಂದು ಕೈಯಲ್ಲಿ ಆ ಸೆರಗನ್ನೂ ಹಿಡಿದಿದ್ದಳು. ಮೇಲಿದ್ದವಳ ಅಡಿಯ ನೆಲವೂ ಸಡಿಲವಾಗಿ ಚೂರುಚೂರಾಗಿ ಉದುರುತ್ತಿತ್ತು. “ನೀ ಹಿಂದ ಸರಿ,” ಎಂದು ಸಂಕವ್ವ ಕೆಳಗಿನಿಂದ ಹೇಳಿದಳು. ಹಾಲವ್ವ ಸರಿಯಲಿಲ್ಲ.

ಸಂಕವ್ವನ ಜೀವ ಉಳಿಯಿತು. ಮುರಿದ ಕಾಲಿಗೆ ಬಿದಿರಿನ ದಬ್ಬೆ ಕಟ್ಟಿದರು. ಎಲುಬು ಕೂಡಿತು, ಆದರೆ ಸೊಟ್ಟಗೆ ಕೂಡಿತು. ಅವಳು ಮುಂದೆ ಎಂದೂ ಆ ದಂಡೆಯ ಮೇಲೆ ನಡೆಯಲಿಲ್ಲ. ಹಾಸಿಗೆಯಲ್ಲಿದ್ದಾಗ ಒಂದು ದಿನ ಹಾಲವ್ವ ಕಾಲಿಗೆ ಬಿಸಿ ಶಾಖ ಕೊಡುತ್ತ, “ಯಾಕ ಇಳದಿ?” ಎಂದು ಕೇಳಿದಳು.

“ಹೇಳಿದ್ರ ನೀ ಎಲ್ಲಿ ಕೇಳಿದಿ,” ಎಂದಳು ಸಂಕವ್ವ. ಮತ್ತೆ ತಾನೇ, “ಹಿಂದಿನ ದಿನಾನೂ ನಾ ಕಂಡಿದ್ದೆ. ನೀ ಅದರ ಮ್ಯಾಲ ಹೋಗೋದನ್ನ ನೋಡಿದೆ, ಬರೋದನ್ನೂ ನೋಡಿದೆ. ಹೇಳಲಿಲ್ಲ,” ಎಂದಳು.

ಹಾಲವ್ವ ಶಾಖದ ಬಟ್ಟೆಯನ್ನು ಕೆಳಗಿಟ್ಟಳು. ಅವಳು ಎದ್ದು ಹೊರಗೆ ಹೋಗಿ ಎಮ್ಮೆಗಳ ಹತ್ತಿರ ಬಹಳ ಹೊತ್ತು ನಿಂತಿದ್ದಳಂತೆ. ಆಮೇಲೆ ಒಳಗೆ ಬಂದು, ಆರಿದ ಬಟ್ಟೆಯನ್ನು ಮತ್ತೆ ಬಿಸಿನೀರಿಗೆ ಅದ್ದಿ ಹಿಂಡಿ, ಕಾಲಿನ ಮೇಲೆ ಹಾಕಿದಳು. ಆ ವಿಷಯ ಅವರಿಬ್ಬರ ನಡುವೆ ಮತ್ತೆ ಎಂದೂ ಬರಲಿಲ್ಲ. ನನ್ನ ದೊಡ್ಡವ್ವ ಈ ಮಾತು ಹೇಳುವಾಗ, ಇಬ್ಬರೇ ಆಡಿದ ಮಾತು ಊರಿಗೆ ಹೇಗೆ ತಿಳಿಯಿತು ಎಂದು ನಾನು ಕೇಳಿದ್ದುಂಟು. ಒಳಗೆ ಗುರುಬಸವ್ವ ಜೋಳ ಬೀಸುತ್ತಿದ್ದಳು, ಬೀಸುವುದನ್ನು ನಿಲ್ಲಿಸಿ ಕೇಳಿದ್ದಳು ಎಂದು ದೊಡ್ಡವ್ವ ಹೇಳಿದಳು.

ಇಷ್ಟಾದ ಮೇಲೆ ಇಬ್ಬರೂ ಒಂದಾದರು, ಕಿಚ್ಚು ಆರಿತು ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಹಿರಿಯರು ಹಾಗೆ ಹೇಳುವುದಿಲ್ಲ. ಹಾಲವ್ವ ತನ್ನದೊಂದು, ಅಕ್ಕನ ಪಾಲಿನದೊಂದು ಎಂದು ಎರಡು ಗಡಿಗೆ ಹೊತ್ತು ಮತ್ತೆ ಪೇಟೆಗೆ ಹೋದ ಮೊದಲ ದಿನ ಅಗಸೆಯ ಜನ ಮೊಸರನ್ನು ಕೇಳಲೇ ಇಲ್ಲ. ಸಂಕವ್ವ ಹೇಗಿದ್ದಾಳೆ, ಸಂಕವ್ವನಂಥ ಅಕ್ಕ ಯಾರಿಗೆ ಸಿಗುತ್ತಾಳೆ, ಸಂಕವ್ವ ದೇವರಂಥವಳು ಎಂದು ಎಲ್ಲರ ಬಾಯಲ್ಲೂ ಅದೇ. ವಾಡೆಯ ಹಿರಿಯಮ್ಮ ಸಂಕವ್ವನಿಗೆಂದು ಒಂದು ಹೊಸ ಇಳಕಲ್ ಸೀರೆಯನ್ನೇ ಕೊಟ್ಟು ಕಳಿಸಿದಳು. ಹಾಲವ್ವ ಅದನ್ನು ಬಗಲಲ್ಲಿಟ್ಟುಕೊಂಡು ಬರುವಾಗ, ತನ್ನ ಜೀವ ಉಳಿಸಿದವಳ ಸೀರೆಗೇ ತನ್ನ ಹೊಟ್ಟೆ ಉರಿಯುತ್ತಿದೆಯಲ್ಲ ಎಂದು ತಿಳಿದು, ಬಾಗಿನ ಹತ್ತಿರ ಕುಳಿತು ಅತ್ತಳು. ಅತ್ತು ಮುಗಿದ ಮೇಲೂ ಉರಿ ಹಾಗೆಯೇ ಇತ್ತು. ಇತ್ತ ಮನೆಯಲ್ಲಿ ಕುಳಿತ ಸಂಕವ್ವನಿಗೆ, ತನ್ನ ಹಾದಿಯಲ್ಲಿ ಈಗ ಬೇರೆಯವಳು ಒಬ್ಬಳೇ ನಡೆಯುತ್ತಾಳಲ್ಲ ಎಂಬ ಸಂಕಟ. “ಯಾವ ಹಾದಿಲೆ ಹೋದಿ?” ಎಂದು ಅವಳು ಮೊದಲ ದಿನವೇ ಕೇಳಿದಳು. “ಹೋಗೋ ಮುಂದ ನಿಂದರ ಮ್ಯಾಲೆ ಹೋದೆ, ನಿನ್ನ ಗಡಿಗಿ ಇತ್ತಲ್ಲ ತಲಿಮ್ಯಾಲ. ಬರೋ ಮುಂದ ನಂದರ ಮ್ಯಾಲೆ ಬಂದೆ,” ಎಂದಳು ಹಾಲವ್ವ. ಬಾಗಿನಲ್ಲಿ ಮಾತ್ರ ಹೇಗೂ ಒಂದೇ ಹಾದಿ ಉಳಿದಿತ್ತು. ಸಂಕವ್ವ ಸ್ವಲ್ಪ ಯೋಚಿಸಿ, ಆಗಬಹುದು ಎಂಬಂತೆ ತಲೆಯಾಡಿಸಿದಳು.

ಅಂದಿನಿಂದ ಹಾಲವ್ವ ಜೀವ ಇರುವ ತನಕ ಹಾಗೆಯೇ ನಡೆದಳು. ಹೋಗುವಾಗ ಮೇಲೆ, ಬರುವಾಗ ಕೆಳಗೆ. ಆದ್ದರಿಂದಲೇ ಎರಡು ಹಾದಿಗಳೂ ಹುಲ್ಲು ಮುಚ್ಚದೆ ಉಳಿದವು. ಸಂಜೆ ಸಂಕವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು, “ಇವತ್ತ ಯಾರ ಮೊಸರು ಮೊದಲ ತೀರಿತು?” ಎಂದು ಕೇಳುತ್ತಿದ್ದಳು. “ನಿಂದ,” ಎಂದರೆ, “ನನ್ನ ಮುಂದ ಸುಳ್ಳ ಹೇಳಬ್ಯಾಡ,” ಎಂದು ಸಿಡುಕುವಳು. “ನಂದ,” ಎಂದರೆ ಅಂದು ಊಟದಲ್ಲಿ ಮಾತಿಲ್ಲ. ಇಬ್ಬರೂ ಮುದುಕಿಯರಾಗುವ ತನಕ ಹೀಗೆಯೇ ನಡೆಯಿತು. ಸೊಟ್ಟ ಕಾಲಿನವಳನ್ನು ಮೀಯಿಸಿ, ಬೆನ್ನು ತಿಕ್ಕಿ, ತಲೆ ಬಾಚಿ ನೋಡಿಕೊಂಡವಳು ಹಾಲವ್ವನೇ. ಬೇರೆ ಯಾರಾದರೂ ಆ ಕೆಲಸಕ್ಕೆ ಬಂದರೆ ಅವಳು ಸಹಿಸುತ್ತಿರಲಿಲ್ಲ.

ಮೊದಲು ತೀರಿಕೊಂಡವಳು ಸಂಕವ್ವ. ಮಣ್ಣು ಮಾಡಿದ ಮೇಲೆ ಊರವರು ಅವಳ ನೆನಪಿಗೆ ಒಂದು ಕಲ್ಲು ನಿಲ್ಲಿಸಬೇಕೆಂದು ನಿಶ್ಚಯಿಸಿ, ಬಾಗು ದಾಟಿ ಹಾದಿ ಮತ್ತೆ ಕವಲಾಗುವಲ್ಲಿ, ಮೇಲಿನ ಹಾದಿಯ ಅಂಚಿಗೆ ಅದನ್ನು ನೆಡಿಸಿದರು. ಹಾಲವ್ವ ಕೋಲೂರಿಕೊಂಡು ಬಂದು, ಸುತ್ತ ಒಂದು ಸಲ ನಡೆದು, ಕಲ್ಲಿನ ತಲೆಯನ್ನು ಅಂಗೈಯಿಂದ ಸವರಿದಳು. ಕಣ್ಣೀರು ಸುರಿಯುತ್ತಿತ್ತು. ಕೊನೆಗೆ ಜನರ ಕಡೆ ತಿರುಗಿ, “ನಂದೂ ಒಂದು ಹಾಕ್ರಿ, ಕೆಳಗಿನ ಹಾದಿಗೆ. ಅದು ಇದಕ್ಕಿಂತ ಒಂದು ಬಟ್ಟ ಎತ್ತರ ಇರಲಿ,” ಎಂದಳು. ಅವಳು ತೀರಿಕೊಂಡ ಮೇಲೆ, ಅವಳು ಹೇಳಿದಂತೆಯೇ, ಮೊದಲಿನದಕ್ಕಿಂತ ಒಂದು ಬೆರಳು ಹೆಚ್ಚು ಎತ್ತರದ ಕಲ್ಲನ್ನು ತಂದು ಕೆಳಗಿನ ಹಾದಿಯ ಅಂಚಿಗೆ ನಿಲ್ಲಿಸಿದರು.

ಆ ಎರಡು ಕಲ್ಲುಗಳನ್ನು ಇಂದಿಗೂ ನೋಡಬಹುದು. ಬರಹವಿಲ್ಲ, ಕೆತ್ತನೆಯಿಲ್ಲ, ಕಪ್ಪು ಕಲ್ಲು, ತಲೆಯ ಮೇಲೆ ಅರಿಸಿನ, ಎಮ್ಮೆ ಈಯಿತೆಂದರೆ ಯಾರಾದರೂ ಬಂದು ಎರೆದುಹೋದ ಒಂದಿಷ್ಟು ಮೊಸರು. ಎರಡಕ್ಕೂ ಸಮನಾಗಿ ಎರೆಯುವುದು ವಾಡಿಕೆ. ಈ ಸೀಮೆಯ ಸೈಕಲ್ಲಿನವರು ಈಗಲೂ ಪೇಟೆಗೆ ಹೋಗುವಾಗ ಮೇಲಿನ ಹಾದಿ ಹಿಡಿದು, ಬರುವಾಗ ಕೆಳಗಿನದನ್ನು ಹಿಡಿಯುತ್ತಾರೆ. ಹೊರಗಿನವರಿಗೆ ಅದು ಗೊತ್ತಿಲ್ಲ; ಜೋಡಿಯಾಗಿ ಒಬ್ಬರು ಮೇಲೆ, ಒಬ್ಬರು ಕೆಳಗೆ ಬರುತ್ತಾರೆ, ಬರುಬರುತ್ತ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡಿಕೊಳ್ಳುತ್ತ ವೇಗ ಹೆಚ್ಚಿಸುತ್ತಾರೆ. ಕವಲಿನ ಹತ್ತಿರ ಬಂದಾಗ ನಿಂತು ಬೆವರು ಒರೆಸಿಕೊಳ್ಳುವುದೂ ಉಂಟು. ಹಲ್ಲಿನ ಡಾಕ್ಟರು ಅಂದು ನನ್ನ ಮಾತು ಕೇಳಿದ ಮೇಲೆ, ಕಲ್ಲುಗಳಲ್ಲಿ ಯಾವುದು ಎತ್ತರ ಎಂದು ತಾನೇ ನೋಡುತ್ತೇನೆಂದು ಮೇಲಿನ ಹಾದಿಗೆ ಹೋಗಿ ನಿಂತಳು, ಕೆಳಗಿನ ಹಾದಿಗೆ ಬಂದು ನಿಂತಳು, ಮತ್ತೆ ಮೇಲೆ ಹೋದಳು. ಅಲ್ಲಿಗೆ ಬಂದವರೆಲ್ಲ ಮಾಡುವುದು ಅದನ್ನೇ. ಮೇಲಿನ ನೆಲ ತುಸು ಎತ್ತರ, ಕೆಳಗಿನ ಕಲ್ಲು ತುಸು ಎತ್ತರ. ಅಳತೆ ಏನೇ ಇರಲಿ, ಯಾವ ಹಾದಿಯಲ್ಲಿ ನಿಂತು ನೋಡಿದರೂ ಆಚೆಯ ಕಲ್ಲೇ ಒಂದು ಬೆರಳು ಮೇಲೆ ಕಾಣುತ್ತದೆ.